ವಿಮಾನ ಹತ್ತುವ ಮೊದಲು, ಹಡಗಿನಿಂದ ಇಳಿದ ಮೇಲೆ

ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಭಟ್ಕಳದಿಂದ ಕಾರವಾರದವರೆಗೆ ಕರಾವಳಿಯ ಯಾವ ಊರಿಗೆ ಹೋದರೂ ಕೊಲ್ಲಿ ದೇಶದಲ್ಲೋ ಹಡಗಿನಲ್ಲೋ ದುಡಿಯುವ ಮಗ, ಅಳಿಯ, ಗಂಡ ಇರುವ ಮನೆ ಸಿಗುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಮನೆಗಳ ಮಕ್ಕಳು ಅಮೆರಿಕ, ಕೆನಡಾ ಎಂದು ಚದುರಿದ್ದಾರೆ. ಹೀಗಾಗಿ ಲೈಂಗಿಕ ರೋಗಗಳ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ವೀಸಾ, ಮೆಡಿಕಲ್, ಫಿಟ್, ಅನ್‌ಫಿಟ್ ಎಂಬ ಮಾತುಗಳೇ ತುಂಬಿರುತ್ತವೆ. ಮೈಯಲ್ಲಿ ಹುಣ್ಣಾದಾಗ ಬಾರದವರು ವೀಸಾ ನಿಂತಾಗ ಓಡಿ ಬರುತ್ತಾರೆ. ಕಾರವಾರದಲ್ಲಿ ಚರ್ಮ ಮತ್ತು ಲೈಂಗಿಕ ರೋಗಗಳ ವೈದ್ಯೆಯಾಗಿ ಬಹಳ ವರ್ಷಗಳಿಂದ ನನ್ನನ್ನು ನೋಯಿಸುತ್ತಿರುವ ಸಂಗತಿ ಇದು. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಇಂಥ ಪತ್ರಗಳಿಗೇ ಬಿಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಗುರುತು ಸಿಗಬಹುದಾದ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ನನಗೆ 27 ವರ್ಷ. ಮುಂಬೈಯ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದಾಗ, ನಾಲ್ಕು ವರ್ಷಗಳ ಹಿಂದೆ, ಗುಪ್ತಾಂಗದ ಮೇಲೆ ನೋವಿಲ್ಲದ ಒಂದು ಹುಣ್ಣಾಗಿತ್ತು. ಅಲ್ಲಿನ ವೈದ್ಯರು ಸಿಫಿಲಿಸ್ ಎಂದು ಹೇಳಿ ಇಂಜೆಕ್ಷನ್ ಕೊಟ್ಟರು, ವಾಸಿಯಾಯಿತು. ಈಗ ಕತಾರ್‌ನಲ್ಲಿ ಕೆಲಸ ಸಿಕ್ಕಿದೆ. ಮೆಡಿಕಲ್‌ನಲ್ಲಿ ಟಿಪಿಎಚ್‌ಎ ಪಾಸಿಟಿವ್ ಬಂದಿದೆ, ಅನ್‌ಫಿಟ್ ಎಂದಿದ್ದಾರೆ. ವಾಸಿಯಾದ ರೋಗ ಮತ್ತೆ ಹೇಗೆ ಬಂತು? ಹಣ ಕೊಟ್ಟರೆ ಬೇರೆಯವರ ರಕ್ತ ಕೊಡಿಸಿ ಫಿಟ್ ಮಾಡಿಸುತ್ತೇನೆ ಎಂದು ಏಜೆಂಟ್ ಹೇಳುತ್ತಿದ್ದಾನೆ. ಏನು ಮಾಡಲಿ?
(ಹೆಸರು ಬೇಡ, ಹೊನ್ನಾವರ ತಾಲ್ಲೂಕು)

ಉತ್ತರ: ರೋಗ ಮತ್ತೆ ಬಂದಿದೆ ಎಂದು ಆ ಕಾಗದ ಹೇಳುತ್ತಿಲ್ಲ. ಒಮ್ಮೆ ನಿಮ್ಮ ಮೈಗೆ ಸಿಫಿಲಿಸ್ ರೋಗಾಣು ಹೊಕ್ಕಿತ್ತು ಎಂದಷ್ಟೇ ಹೇಳುತ್ತಿದೆ. ಅದು ನಿಮಗೂ ಗೊತ್ತಿರುವ ವಿಷಯ.

ಸಿಫಿಲಿಸ್‌ಗೆ ಎರಡು ಬಗೆಯ ರಕ್ತಪರೀಕ್ಷೆಗಳಿವೆ. ಟಿಪಿಎಚ್‌ಎ ಎಂಬುದು ಆ ರೋಗಾಣುವಿನ ವಿರುದ್ಧವೇ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಿದ್ದರೂ ಹೆಚ್ಚಿನವರಲ್ಲಿ ಇದು ಸಾಯುವತನಕ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಇನ್ನೊಂದು ವಿಡಿಆರ್‌ಎಲ್ ಅಥವಾ ಆರ್‌ಪಿಆರ್. ರೋಗ ಈಗ ಚುರುಕಾಗಿದೆಯೇ, ಚಿಕಿತ್ಸೆ ಫಲ ಕೊಟ್ಟಿದೆಯೇ ಎಂದು ತಿಳಿಯುವುದು ಇದರಿಂದ. ಇದರ ಫಲಿತಾಂಶವನ್ನು 1:4, 1:8, 1:16, 1:32 ಎಂದು ಅಳತೆಯಲ್ಲಿ ಬರೆಯುತ್ತಾರೆ. ಎರಡನೆಯ ಅಂಕಿ ದೊಡ್ಡದಾದಷ್ಟೂ ರೋಗ ಚುರುಕಾಗಿದೆ ಎಂದು ತಿಳಿಯಬೇಕು. ಚಿಕಿತ್ಸೆಗೆ ಮೊದಲು 1:32 ಇದ್ದದ್ದು ಆರು ತಿಂಗಳಿಂದ ಒಂದು ವರ್ಷದೊಳಗೆ 1:8ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದರೆ ಔಷಧ ಕೆಲಸ ಮಾಡಿದೆ. ಕೆಲವರಲ್ಲಿ ಪೂರ್ತಿ ನೆಗೆಟಿವ್ ಆಗುತ್ತದೆ, ಕೆಲವರಲ್ಲಿ 1:1 ಅಥವಾ 1:2ರಲ್ಲಿ ವರ್ಷಗಟ್ಟಲೆ ನಿಂತುಬಿಡುತ್ತದೆ.

ಹಾಗಾಗಿ ಮೊದಲ ಕೆಲಸ, ಜಿಲ್ಲಾ ಆಸ್ಪತ್ರೆಗೆ ಬಂದು ವಿಡಿಆರ್‌ಎಲ್ ಅನ್ನು ಅಳತೆಯ ಸಮೇತ ಮಾಡಿಸಿ. ಬರೀ ರಿಯಾಕ್ಟಿವ್, ಅಂದರೆ ಪಾಸಿಟಿವ್, ಎಂದು ಬರೆದ ಚೀಟಿ ಸಾಲದು, ಅಂಕಿ ಬೇಕು. ಅಂಕಿ ತೀರಾ ಕೆಳಗಿದ್ದರೆ ನಿಮ್ಮದು ಹಳೆಯ ಗುರುತು. ಮೇಲಿದ್ದರೆ, ಈ ನಾಲ್ಕು ವರ್ಷಗಳಲ್ಲಿ ಮತ್ತೆ ಸೋಂಕು ತಗುಲಿರುವ ಸಾಧ್ಯತೆಯಿದೆ. ಸಿಫಿಲಿಸ್ ಒಮ್ಮೆ ಬಂದರೆ ಇನ್ನೊಮ್ಮೆ ಬಾರದು ಎಂಬ ನಿಯಮವಿಲ್ಲ. ಆಗ ಪುನಃ ಬೆಂಜಥೀನ್ ಪೆನ್ಸಿಲಿನ್ ಬೇಕಾಗುತ್ತದೆ. ಹೊಸ ರೋಗಕ್ಕೆ 24 ಲಕ್ಷ ಯೂನಿಟ್‌ನ ಒಂದೇ ಡೋಸ್ ಸಾಕು. ಯಾವಾಗ ಬಂದದ್ದು ಎಂದು ಗೊತ್ತಾಗದಿದ್ದರೆ ವಾರಕ್ಕೊಂದರಂತೆ ಮೂರು ವಾರ.

ಎರಡನೆಯದು, ಮುಂಬೈಯ ಆ ಚೀಟಿಯನ್ನು ಹುಡುಕಿಸಿ. ಎಂಥ ಹಳೆಯ ಚೀಟಿಯಾದರೂ ಸರಿ. ಯಾವ ತಾರೀಖಿಗೆ ಯಾವ ಇಂಜೆಕ್ಷನ್ ಎಷ್ಟು ಕೊಟ್ಟರು ಎಂಬುದು ಬರಹದಲ್ಲಿದ್ದರೆ, ಈಗಿನ ವಿಡಿಆರ್‌ಎಲ್ ಅಂಕಿಯನ್ನು ಜೊತೆಗಿಟ್ಟು ತಜ್ಞರು ಒಂದು ಪತ್ರ ಬರೆದುಕೊಡಬಹುದು. ಮೆಡಿಕಲ್ ಮಾಡಿದ ಕೇಂದ್ರಕ್ಕೆ ಅದನ್ನು ಕೊಟ್ಟು ಮರುಪರಿಶೀಲನೆಗೆ ಕೇಳಿ. ಅವರು ಒಪ್ಪಿಯೇ ಒಪ್ಪುತ್ತಾರೆ ಎಂದು ನಾನು ಮಾತು ಕೊಡಲಾರೆ. ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್ ಈ ಆರೂ ದೇಶಗಳು ಸೇರಿ ಮಾಡಿಕೊಂಡ ವ್ಯವಸ್ಥೆ ಅದು. ಜನ ಇನ್ನೂ ಗಾಮ್ಕಾ ಎಂದೇ ಕರೆಯುತ್ತಾರೆ, ಈಗಿನ ಹೆಸರು ವಾಫಿದ್. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಎದೆಯ ಎಕ್ಸ್‌ರೇಯಲ್ಲಿ ಕ್ಷಯ, ಇವುಗಳನ್ನು ಅವರು ನೋಡುತ್ತಾರೆ. ಕೊನೆಯ ಮಾತು ಅವರದೇ. ಆದರೆ ಕಾಗದವಿದ್ದವನ ಮಾತಿಗೆ ಸಿಗುವ ಬೆಲೆ ಬರಿಗೈಯವನ ಮಾತಿಗೆ ಸಿಗುವುದಿಲ್ಲ.

ಏಜೆಂಟನ ಮಾತನ್ನು ಕಿವಿಯ ಮೇಲೂ ಹಾಕಿಕೊಳ್ಳಬೇಡಿ. ಅಲ್ಲಿಗೆ ಇಳಿದ ಮೇಲೆ ವಾಸದ ಪರವಾನಗಿ ಕೊಡುವ ಮೊದಲು ಮತ್ತೆ ರಕ್ತ ತೆಗೆಯುತ್ತಾರೆ. ಆಗ ತೋಳು ಚಾಚಬೇಕಾದವರು ನೀವೇ. ಅಲ್ಲಿ ಸಿಕ್ಕಿಬಿದ್ದರೆ ಊರಿಗೆ ಹಿಂದಿರುಗುವ ವಿಮಾನ, ಮೇಲೆ ಮನೆಯವರ ತಲೆಗೆ ಸಾಲ. ಇನ್ನೂ ಕೆಟ್ಟದ್ದೆಂದರೆ, ಬೇರೆಯವರ ರಕ್ತ ಕೊಟ್ಟು ಹೋದವನಿಗೆ ತನ್ನ ರಕ್ತದಲ್ಲಿ ಏನಿದೆ ಎಂಬುದೇ ಗೊತ್ತಾಗುವುದಿಲ್ಲ.

ಉಳಿದ ಓದುಗರಿಗೆ ಆ ಹುಣ್ಣಿನ ಬಗ್ಗೆ ಹೇಳಲೇಬೇಕು. ಹಿರಿಯರು ಪರಂಗಿ ಹುಣ್ಣು ಎನ್ನುತ್ತಿದ್ದದ್ದು ಇದನ್ನೇ. ಸಾಮಾನ್ಯವಾಗಿ ಒಂದೇ ಇರುತ್ತದೆ. ಅಂಚು ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ, ತಳ ಕೆಂಪಗೆ ಶುಭ್ರವಾಗಿರುತ್ತದೆ, ಕೀವಿಲ್ಲ, ಮುಟ್ಟಿದರೆ ನೋವಿಲ್ಲ. ತೊಡೆಸಂದಿನಲ್ಲಿ ಗಂಟು ಕಾಣಿಸಿಕೊಳ್ಳಬಹುದು, ಅದಕ್ಕೂ ನೋವಿಲ್ಲ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ ಎದ್ದು, ಏನೂ ಮಾಡದಿದ್ದರೂ ಮೂರರಿಂದ ಆರು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಹಚ್ಚಿದ ಮುಲಾಮು ಗುಣ ಕೊಟ್ಟಿತು ಎಂದುಕೊಂಡು ಮನುಷ್ಯ ನಿಶ್ಚಿಂತನಾಗುತ್ತಾನೆ. ಕೆಲವು ವಾರಗಳ ನಂತರ ಅಂಗೈ, ಅಂಗಾಲುಗಳಲ್ಲಿ ತುರಿಕೆಯಿಲ್ಲದ ತಾಮ್ರಬಣ್ಣದ ಮಚ್ಚೆ ಏಳುತ್ತವೆ, ಅವೂ ಹೋಗುತ್ತವೆ. ಆಮೇಲೆ ರೋಗ ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಹೃದಯವನ್ನೋ ಮಿದುಳನ್ನೋ ಹಿಡಿಯಬಹುದು. ನೋವಿಲ್ಲದ ಹುಣ್ಣಿಗೇ ಮೊದಲು ಹೆದರಿ.

ಪ್ರಶ್ನೆ: ಯಜಮಾನರು ವ್ಯಾಪಾರಿ ಹಡಗಿನಲ್ಲಿ ಕೆಲಸದಲ್ಲಿದ್ದಾರೆ. ಒಂಬತ್ತು ತಿಂಗಳ ನಂತರ ಊರಿಗೆ ಬಂದಿದ್ದಾರೆ. ಅವರು ಬಂದು ಒಂದು ತಿಂಗಳಾಗುವಷ್ಟರಲ್ಲಿ ನನಗೆ ಬಿಳುಪು ಹೋಗುವುದು ಜಾಸ್ತಿಯಾಗಿದೆ, ವಾಸನೆ ಇದೆ, ಕಿಬ್ಬೊಟ್ಟೆ ನೋಯುತ್ತದೆ. ಮೈ ಉಷ್ಣವಾಗಿದೆ ಎಂದು ಅತ್ತೆ ಮುರುಗಲು ಪಾನಕ, ಎಳನೀರು ಕೊಡುತ್ತಿದ್ದಾರೆ. ಔಷಧಿ ಅಂಗಡಿಯವರು ಕೊಟ್ಟ ಮಾತ್ರೆಯಿಂದ ಎರಡು ದಿನ ಕಡಿಮೆಯಾಗಿ ಮತ್ತೆ ಶುರುವಾಯಿತು. ಯಜಮಾನರಿಗೆ ಪರೀಕ್ಷೆ ಮಾಡಿಸಿ ಎಂದರೆ, ಹಡಗಿಗೆ ಹತ್ತುವಾಗ ಎಲ್ಲ ಮೆಡಿಕಲ್ ಆಗಿದೆ, ನನಗೇನಾಗಿದೆ ಎಂದು ಸಿಟ್ಟಾಗುತ್ತಾರೆ. ಅವರನ್ನು ಸಂಶಯಪಡುವುದು ನನಗೂ ಇಷ್ಟವಿಲ್ಲ.
(ಅಂಕೋಲಾ)

ಉತ್ತರ: ತಂಗಿ, ಮೊದಲು ನಿಮ್ಮ ಕಿಬ್ಬೊಟ್ಟೆ ನೋವಿನ ಮಾತು. ಸಂಶಯ, ಸಂಸಾರ ಎಲ್ಲ ಆಮೇಲೆ. ಬಿಳುಪಿನ ಜೊತೆ ಕಿಬ್ಬೊಟ್ಟೆ ನೋವಿದ್ದರೆ ಸೋಂಕು ಗರ್ಭಕೋಶ ಮತ್ತು ನಾಳಗಳಿಗೆ ಏರಿರಬಹುದು. ತಡಮಾಡಿದರೆ ನಾಳಗಳು ಮುಚ್ಚಿಹೋಗಿ ಮುಂದೆ ಗರ್ಭ ನಿಲ್ಲುವುದೇ ಕಷ್ಟವಾಗಬಹುದು. ಪತ್ರಿಕೆ ಕೈಗೆ ಬಂದ ದಿನವೇ ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವೈದ್ಯರ ಹತ್ತಿರ ಹೋಗಿ. ಜ್ವರವೂ ಇದ್ದರೆ, ಅಥವಾ ಮುಟ್ಟು ತಪ್ಪಿದ್ದರೆ, ಒಂದು ರಾತ್ರಿಯೂ ಕಾಯಬೇಡಿ. ಅತ್ತೆಯವರ ಪಾನಕವನ್ನು ಬೇಡ ಎನ್ನುವುದಿಲ್ಲ, ಬೇಸಿಗೆಗೆ ಅದು ಒಳ್ಳೆಯದೇ. ಈ ನೋವಿಗೆ ಅದು ಮದ್ದಲ್ಲ.

ಇನ್ನು ಎಲ್ಲ ಬಿಳುಪೂ ಗಂಡನಿಂದ ಬಂದದ್ದಲ್ಲ. ಮೊಸರಿನ ಗರಣೆಯಂತೆ ದಪ್ಪಗೆ, ವಿಪರೀತ ತುರಿಕೆಯೊಂದಿಗೆ ಬಂದರೆ ಅದು ಹೆಚ್ಚಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರ. ಸಕ್ಕರೆ ಕಾಯಿಲೆಯವರಿಗೆ, ಬಸುರಿಯರಿಗೆ, ಬೇರೆ ಯಾವುದಕ್ಕೋ ಆ್ಯಂಟಿಬಯೋಟಿಕ್ ತೆಗೆದುಕೊಂಡವರಿಗೆ ಬರುತ್ತದೆ. ಬೂದು ಬಣ್ಣದ ತೆಳು ಬಿಳುಪು, ಮೀನಿನ ವಾಸನೆ ಇದ್ದರೆ ಯೋನಿಯೊಳಗಿನ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿರಬಹುದು. ಇವೆರಡನ್ನೂ ಲೈಂಗಿಕ ರೋಗಗಳ ಪಟ್ಟಿಗೆ ಸೇರಿಸುವುದಿಲ್ಲ. ಹಸಿರು ಮಿಶ್ರಿತ, ನೊರೆನೊರೆ ಬಿಳುಪಾದರೆ ಟ್ರೈಕೊಮೊನಾಸ್ ಇರಬಹುದು. ಅದು ಸಂಗಾತಿಯಿಂದ ಬರುತ್ತದೆ, ಇಬ್ಬರಿಗೂ ಚಿಕಿತ್ಸೆ ಆಗಬೇಕು. ಗೊನೊರಿಯಾ, ಕ್ಲಮಿಡಿಯಾಗಳೂ ಹಾಗೆಯೇ. ಕ್ಲಮಿಡಿಯಾ ಬಂದ ಹೆಂಗಸರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಗಂಡಸರಲ್ಲೂ ಬಹಳ ಮಂದಿಗೆ ಇರುವುದಿಲ್ಲ. ನಿಮ್ಮ ಯಜಮಾನರು ನನಗೇನೂ ಆಗಿಲ್ಲ ಎನ್ನುವಾಗ ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯಬೇಕಾಗಿಲ್ಲ. ಅವರಿಗೆ ನಿಜಕ್ಕೂ ಏನೂ ಅನ್ನಿಸದಿರಬಹುದು. ಪರೀಕ್ಷೆ ಬೇಕಾಗುವುದೇ ಅದಕ್ಕೆ.

ಹಡಗಿನ ಮೆಡಿಕಲ್ ಆಗಿದೆ ಎಂಬ ಮಾತಿಗೆ ಉತ್ತರ ಹೀಗಿದೆ. ನಾವಿಕರ ವೈದ್ಯಕೀಯ ಪ್ರಮಾಣಪತ್ರ ಗರಿಷ್ಠ ಎರಡು ವರ್ಷ ನಡೆಯುತ್ತದೆ. ಕಣ್ಣು, ಕಿವಿ, ರಕ್ತದೊತ್ತಡ, ಸಕ್ಕರೆ, ಎದೆ ಸರಿಯಿವೆಯೇ, ಈತ ಸಮುದ್ರದ ಮೇಲೆ ಕೆಲಸ ಮಾಡಬಲ್ಲನೇ ಎಂದು ಅದು ಹೇಳುತ್ತದೆ. ಕಳೆದ ತಿಂಗಳು ಯಾವುದೋ ಬಂದರಿನಲ್ಲಿ ತಗುಲಿದ ಸೋಂಕಿನ ಬಗ್ಗೆ, ಹತ್ತುವ ಮೊದಲೇ ಮಾಡಿದ ಆ ಪರೀಕ್ಷೆ ಏನು ತಾನೇ ಹೇಳೀತು?

ಅವರಿಗೆ ಇನ್ನೊಂದು ಸಂಗತಿಯನ್ನೂ ತಿಳಿಸಿ, ಸ್ವಲ್ಪ ಸಮಾಧಾನವಾದೀತು. ನಾವಿಕರಿಗೆ ಈ ರೋಗಗಳು ಬರುವುದು ಹೊಸತಲ್ಲ, ಅವರನ್ನು ಇದಕ್ಕಾಗಿ ಅವಮಾನಿಸಬಾರದು ಎಂಬ ತಿಳಿವಳಿಕೆಯೂ ಹೊಸತಲ್ಲ. 1924ರಲ್ಲೇ ಬ್ರಸೆಲ್ಸ್‌ನಲ್ಲಿ ಹಲವು ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ದೊಡ್ಡ ಬಂದರುಗಳಲ್ಲಿ ಯಾವ ದೇಶದ ನಾವಿಕ ಬಂದರೂ ಲೈಂಗಿಕ ರೋಗಕ್ಕೆ ಪುಕ್ಕಟೆಯಾಗಿ ಚಿಕಿತ್ಸೆ ಕೊಡಬೇಕು, ಮುಂದಿನ ಬಂದರಿನ ವೈದ್ಯರು ಚಿಕಿತ್ಸೆಯನ್ನು ಮುಂದುವರಿಸಲು ಅನುಕೂಲವಾಗುವಂತೆ ಅವನ ಕೈಗೆ ಒಂದು ಪುಸ್ತಕ ಕೊಡಬೇಕು ಎಂದು ಅದರಲ್ಲಿತ್ತು. ನೂರು ವರ್ಷಗಳ ಹಿಂದಿನ ಈ ವ್ಯವಸ್ಥೆಯನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ನೈತಿಕತೆಯ ಪಾಠ ಹೇಳದೆ ಔಷಧ ಕೊಟ್ಟರು.

ಮಾತು ಹೇಗೆ ತೆಗೆಯುವುದು ಎಂದರೆ, ಆಸ್ಪತ್ರೆಗೆ ನೀವು ಮೊದಲು ಹೋಗಿ. ಬಂದು, "ನನಗೆ ಸೋಂಕಾಗಿದೆ, ಇಬ್ಬರೂ ಒಟ್ಟಿಗೆ ಔಷಧ ತೆಗೆದುಕೊಳ್ಳದಿದ್ದರೆ ಮತ್ತೆ ಮತ್ತೆ ಬರುತ್ತದಂತೆ" ಎಂದು ಹೇಳಿ. ಇದು ನೆಪವಲ್ಲ, ಸಂಗಾತಿಯಿಂದ ಬರುವ ಸೋಂಕಿಗೆ ಅಕ್ಷರಶಃ ಸತ್ಯ. ಯಾರಿಂದ ಯಾರಿಗೆ ಎಂಬ ಲೆಕ್ಕ ವೈದ್ಯರಿಗೆ ಬೇಡ. ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಕೋಣೆ ಇರುತ್ತದೆ, ಬಾಗಿಲು ಹಾಕಿಕೊಂಡು ಮಾತನಾಡಬಹುದು, ಔಷಧಕ್ಕೆ ಹಣವಿಲ್ಲ. ಯಾವ ಲಕ್ಷಣಕ್ಕೆ ಯಾವ ಔಷಧ ಎಂದು ಬಣ್ಣದ ಪೊಟ್ಟಣಗಳನ್ನೇ ಮಾಡಿಟ್ಟಿದ್ದಾರೆ. ಬಿಳುಪಿಗೆ ಹಸಿರು, ಕಿಬ್ಬೊಟ್ಟೆ ನೋವಿಗೆ ಹಳದಿ. ಅಂಗಡಿಯವರು ಕೊಟ್ಟ ಮಾತ್ರೆಯ ಖಾಲಿ ಹಾಳೆಯನ್ನು ಎಸೆಯದೆ ತೆಗೆದುಕೊಂಡು ಹೋಗಿ. ಇಬ್ಬರ ಚಿಕಿತ್ಸೆಯೂ ಮುಗಿದು ಕನಿಷ್ಠ ಒಂದು ವಾರವಾಗುವವರೆಗೆ ಕೂಡಬೇಡಿ, ಆಮೇಲೆ ಕೆಲವು ಕಾಲ ಕಾಂಡೋಮ್ ಇರಲಿ. ಅದೇ ದಿನ ಇಬ್ಬರೂ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗೆ ರಕ್ತ ಕೊಟ್ಟುಬಿಡಿ. ನಿಮ್ಮ ಅತ್ತೆಗಾಗಲಿ, ಹಡಗಿನ ಕಂಪನಿಗಾಗಲಿ ಅಲ್ಲಿಂದ ಯಾರೂ ಸುದ್ದಿ ಮುಟ್ಟಿಸುವುದಿಲ್ಲ.

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಮಗಳಿಗೆ 23 ವರ್ಷ, ಅಮೆರಿಕದ ಪೌರತ್ವ ಇರುವ ಹುಡುಗನೊಂದಿಗೆ ಮದುವೆಯಾಗಿದೆ. ವಲಸೆ ವೀಸಾಕ್ಕೆ ಮೆಡಿಕಲ್ ಎಂದು ಮುಂಬೈಗೆ ಕರೆದಿದ್ದಾರೆ. ಅದರ ಪಟ್ಟಿಯಲ್ಲಿ ಸಿಫಿಲಿಸ್, ಗೊನೊರಿಯಾ ಎಂದು ಇದೆ. ಓದಿ ಮನಸ್ಸಿಗೆ ಬಹಳ ಹಿಂಸೆಯಾಯಿತು. ಮರ್ಯಾದಸ್ಥರ ಮನೆಯ ಹುಡುಗಿಗೆ ಇಂಥ ಪರೀಕ್ಷೆ ಯಾಕೆ? ಇದನ್ನು ಬಿಡಿಸಿಕೊಳ್ಳಲು ದಾರಿ ಇದೆಯೇ?
(ಒಬ್ಬ ತಂದೆ)

ಉತ್ತರ: ದಾರಿ ಇಲ್ಲ, ಹುಡುಕುವುದೂ ಬೇಡ. ನಿಮ್ಮ ಮಗಳ ನಡತೆಯ ಬಗ್ಗೆ ಅವರು ಏನನ್ನೂ ಕೇಳುತ್ತಿಲ್ಲ, ವಯಸ್ಸನ್ನು ಮಾತ್ರ ನೋಡಿದ್ದಾರೆ. ಅಮೆರಿಕಕ್ಕೆ ವಲಸೆ ಹೋಗುವ 18ರಿಂದ 44 ವರ್ಷದ ಪ್ರತಿಯೊಬ್ಬರಿಗೂ ಸಿಫಿಲಿಸ್‌ಗೆ ರಕ್ತಪರೀಕ್ಷೆ, 18ರಿಂದ 24 ವರ್ಷದ ಪ್ರತಿಯೊಬ್ಬರಿಗೂ ಗೊನೊರಿಯಾ ಪರೀಕ್ಷೆ. ಗಂಡು, ಹೆಣ್ಣು, ಶ್ರೀಮಂತ, ಬಡವ ಎಂಬ ಭೇದವಿಲ್ಲ. ಗೊನೊರಿಯಾಕ್ಕೆ ಸಾಮಾನ್ಯವಾಗಿ ಒಂದು ಶೀಶೆ ಮೂತ್ರ ಸಾಕು. ರಾಯಭಾರ ಕಚೇರಿ ನೇಮಿಸಿದ ವೈದ್ಯರೇ ಇದನ್ನು ಮಾಡಬೇಕು, ಊರಿನ ಪ್ರಯೋಗಾಲಯದ ಚೀಟಿ ನಡೆಯುವುದಿಲ್ಲ. ಇದರ ಜೊತೆ ಎದೆಯ ಎಕ್ಸ್‌ರೇ ಇರುತ್ತದೆ, ಲಸಿಕೆಗಳ ದಾಖಲೆ ಕೇಳುತ್ತಾರೆ. ದಡಾರ, ಸೀತಾಳೆ, ಹೆಪಟೈಟಿಸ್ ಬಿ ಲಸಿಕೆಗಳ ಕಾರ್ಡನ್ನು ಹುಡುಕಿಡಿ. ಅದಿಲ್ಲದೆ ಮುಂಬೈಯಲ್ಲಿ ಮತ್ತೆ ಚುಚ್ಚಿಸಿಕೊಳ್ಳಬೇಕಾದೀತು.

ಈ ಪಟ್ಟಿ ಮೊದಲು ಇನ್ನೂ ಉದ್ದವಿತ್ತು. 2016ರಲ್ಲಿ ಮೂರು ಲೈಂಗಿಕ ರೋಗಗಳನ್ನು ಅದರಿಂದ ಕೈಬಿಟ್ಟರು. ಉಳಿದಿರುವ ಸಿಫಿಲಿಸ್, ಗೊನೊರಿಯಾ ಎರಡೂ ಔಷಧದಿಂದ ಪೂರ್ತಿ ವಾಸಿಯಾಗುವಂಥವು. ಪಾಸಿಟಿವ್ ಬಂದರೂ ಚಿಕಿತ್ಸೆ ಮುಗಿಸಿ ಮುಂದೆ ಹೋಗಬಹುದು, ವೀಸಾ ಶಾಶ್ವತವಾಗಿ ತಪ್ಪುವುದಿಲ್ಲ. ಓದಲು ಹೋಗುವವರಿಗೆ, ಪ್ರವಾಸಿಗರಿಗೆ, ಕೆಲಸದ ತಾತ್ಕಾಲಿಕ ವೀಸಾದವರಿಗೆ ಸಾಮಾನ್ಯವಾಗಿ ಈ ಮೆಡಿಕಲ್ ಇಲ್ಲ, ನೆಲೆಸಲು ಹೋಗುವವರಿಗಷ್ಟೇ. ಕೆನಡಾಕ್ಕೆ ನೆಲೆಸಲು ಹೋಗುವವರಿಗೆ 15 ವರ್ಷ ದಾಟಿದ್ದರೆ ಸಿಫಿಲಿಸ್ ಜೊತೆ ಎಚ್‌ಐವಿ ಪರೀಕ್ಷೆಯೂ ಇದೆ.

ನನಗೆ ಬೇಸರವಾಗುವುದು ಬೇರೆ ಕಾರಣಕ್ಕೆ. ಈ ಮದುವೆಯಲ್ಲಿ ಪರೀಕ್ಷೆ ಆಗುವುದು ನಿಮ್ಮ ಮಗಳಿಗೆ ಮಾತ್ರ. ಅಳಿಯ ಅಲ್ಲಿನ ಪೌರ, ಅವನನ್ನು ಯಾವ ಕಾನೂನೂ ಕೇಳುವುದಿಲ್ಲ. ಜಾತಕ ತೋರಿಸುವಾಗ ಇಲ್ಲದ ಸಂಕೋಚ ಇದಕ್ಕೇಕೆ? ಮುಂದೆ ನಿಮ್ಮ ಮನೆಯಲ್ಲಿ ಇನ್ನೊಂದು ಮದುವೆ ಇದ್ದರೆ, ಹುಡುಗ ಹುಡುಗಿ ಇಬ್ಬರೂ ತಾವಾಗಿಯೇ ಮೊದಲೇ ರಕ್ತಪರೀಕ್ಷೆ ಮಾಡಿಸಿಕೊಂಡು ಒಬ್ಬರಿಗೊಬ್ಬರು ತೋರಿಸಿಕೊಳ್ಳಲಿ. ಮಗಳ ಮೆಡಿಕಲ್ ದಿನ ನೀವು ಜೊತೆಗೆ ಹೋಗುವಿರಾದರೆ ಮುಖ ಗಂಟಿಕ್ಕಿಕೊಂಡು ಕೂರಬೇಡಿ. ತಂದೆಯ ಮುಖ ನೋಡಿಯೇ ಆ ಮಗು ತಾನೇನೋ ತಪ್ಪು ಮಾಡಿದ್ದೇನೆ ಎಂದುಕೊಂಡೀತು.

ಪ್ರಶ್ನೆ: ನನ್ನ ಎರಡು ಪರ್ಸೀನ್ ಮೀನುಗಾರಿಕೆ ದೋಣಿಗಳಿವೆ. ದೋಣಿ ನಡೆಸುವ ತಾಂಡೇಲ ನಮ್ಮವನೇ, ಆದರೆ ಅದರಲ್ಲಿ ದುಡಿಯುವ ಖಲಾಸಿಗಳು ಹೊರ ರಾಜ್ಯದವರು. ಆಗಸ್ಟ್‌ನಲ್ಲಿ ಹೊಸಬರು ಬಂದಾಗ ದೋಣಿಗೆ ಹತ್ತಿಸುವ ಮೊದಲು ಎಚ್‌ಐವಿ ಪರೀಕ್ಷೆ ಮಾಡಿಸಬೇಕೆಂದಿದ್ದೇನೆ. ಎಲ್ಲರೂ ಒಂದೇ ಪಾತ್ರೆಯಲ್ಲಿ ಉಣ್ಣುವವರು, ಬಲೆ ಎಳೆದು ಕೈ ಕುಯ್ದುಕೊಳ್ಳುವವರು. ತಪ್ಪೇನಿದೆ? ಕೊಲ್ಲಿ ದೇಶದವರು ನಮ್ಮವರಿಗೆ ಮಾಡುವುದಿಲ್ಲವೇ?
(ಕಾರವಾರ)

ಉತ್ತರ: ತಪ್ಪಿದೆ, ಕಾನೂನಿನ ಪ್ರಕಾರವೂ ತಪ್ಪು. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ. ತಿಳಿಸಿ ಹೇಳಿ, ಒಪ್ಪಿಗೆ ಪಡೆಯದೆ ಪರೀಕ್ಷಿಸುವಂತಿಲ್ಲ. ಒಬ್ಬನ ಫಲಿತಾಂಶವನ್ನು ಅವನನ್ನು ಬಿಟ್ಟು ಮಾಲೀಕರಿಗೆ ತಿಳಿಸುವಂತಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ 2010ರಲ್ಲಿ ವಲಸೆ ಕಾರ್ಮಿಕರನ್ನೂ ಸೇರಿಸಿ ಇದನ್ನೇ ಶಿಫಾರಸು ಮಾಡಿದೆ. ಕೊಲ್ಲಿ ದೇಶಗಳ ನಿಯಮವನ್ನು ನಮ್ಮ ಕಾಯ್ದೆ ತಿದ್ದಲಾರದು. ಅಲ್ಲಿ ಎಚ್‌ಐವಿ ಕಂಡುಬಂದವನಿಗೆ ವಾಸದ ಪರವಾನಗಿ ಕೊಡದೆ ವಾಪಸು ಕಳಿಸುತ್ತಾರೆ. ಹಾಗೆ ಹಿಂದಿರುಗಿದ ನಮ್ಮದೇ ಹುಡುಗರು ಮನೆಯ ಹಿಂಬಾಗಿಲಿನಿಂದ ಒಳಗೆ ಹೋಗುವುದನ್ನು ಈ ಕರಾವಳಿ ಕಂಡಿದೆ. ನಮ್ಮವರಿಗಾದ ನೋವನ್ನು ಇನ್ನೊಬ್ಬರ ಮಕ್ಕಳಿಗೆ ಮಾಡುವುದು ಬೇಡ.

ಒಂದೇ ಪಾತ್ರೆಯಲ್ಲಿ ಉಂಡರೆ, ಒಂದೇ ಕ್ಯಾಬಿನ್ನಿನಲ್ಲಿ ಮಲಗಿದರೆ, ಒಂದೇ ಬಲೆ ಎಳೆದರೆ ಎಚ್‌ಐವಿ ಅಂಟುವುದಿಲ್ಲ. ಕೈ ಕುಯ್ದ ಯಾರಿಗಾದರೂ ಸೋಪು ನೀರಿನಿಂದ ತೊಳೆದು ಪಟ್ಟಿ ಕಟ್ಟಿ, ಕಟ್ಟುವವರು ಕೈಗವಸು ಹಾಕಿಕೊಳ್ಳಲಿ. ದೋಣಿಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೇ ಎಂಬುದನ್ನು ಮೊದಲು ನೋಡಿ.

ನಿಮಗೆ ನಿಜವಾಗಿ ಅವರ ಆರೋಗ್ಯದ ಕಾಳಜಿ ಇದ್ದರೆ ಮಾಡಬಹುದಾದದ್ದು ಬಹಳ ಇದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಹುಡುಗರು ಬೈತಖೋಲಕ್ಕೆ ಬಂದು ಸೇರುವ ವಾರದಲ್ಲಿ ಆರೋಗ್ಯ ಇಲಾಖೆಯವರನ್ನು ಬಂದರಿಗೇ ಕರೆಸಿ. ಕಫ, ರಕ್ತದೊತ್ತಡ, ಚರ್ಮ, ಸಕ್ಕರೆ ಎಲ್ಲ ನೋಡಲಿ. ಬೇಕಾದವರು ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗೂ ರಕ್ತ ಕೊಡಲಿ. ಹಿಂದಿ ಅಥವಾ ಅವರ ಭಾಷೆ ಬಲ್ಲ ಒಬ್ಬರು ಜೊತೆಗಿರಬೇಕು. ಆ ದಿನದ ಕೂಲಿ ಕತ್ತರಿಸಬೇಡಿ. ಕಾಯಿಲೆ ಹೇಳಿಕೊಂಡರೆ ಕೆಲಸ ಹೋಗುವುದಿಲ್ಲ ಎಂಬ ನಂಬಿಕೆ ಬಂದರೆ ಅವರೇ ಹೇಳಿಕೊಳ್ಳುತ್ತಾರೆ.

ಪ್ರಶ್ನೆ: ನಾನು ಗೋಕರ್ಣದ ಕಡಲತೀರದ ಹೋಮ್‌ಸ್ಟೇ ಒಂದರಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಉಳಿದಿದ್ದ ವಿದೇಶಿ ಮಹಿಳೆಯೊಬ್ಬರೊಂದಿಗೆ ಸಂಬಂಧವಾಯಿತು, ಕಾಂಡೋಮ್ ಇರಲಿಲ್ಲ. ನಾಲ್ಕು ದಿನಕ್ಕೆ ಮೂತ್ರದಲ್ಲಿ ಉರಿ, ಕೀವು ಶುರುವಾಯಿತು. ಗೆಳೆಯ ಕೊಟ್ಟ ಸಿಪ್ರೊಫ್ಲಾಕ್ಸಸಿನ್ ಮಾತ್ರೆ ತೆಗೆದುಕೊಂಡೆ, ಕೀವು ನಿಂತಿಲ್ಲ. ಏಡ್ಸ್ ಬಂದಿರಬಹುದೇ? ನಿದ್ದೆ ಬರುತ್ತಿಲ್ಲ.
(23 ವರ್ಷ)

ಉತ್ತರ: ತಮ್ಮಾ, ನಾಲ್ಕು ದಿನಕ್ಕೆ ಕೀವು ಬಂದರೆ ಅದು ಹೆಚ್ಚಾಗಿ ಗೊನೊರಿಯಾ, ಜೊತೆಗೆ ಕ್ಲಮಿಡಿಯಾವೂ ಇರಬಹುದು. ಎರಡೂ ವಾಸಿಯಾಗುತ್ತವೆ. ಆದರೆ ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗದಷ್ಟು ಗೊನೊರಿಯಾ ರೋಗಾಣು ಈಗ ಗಟ್ಟಿಯಾಗಿದೆ. ಉಳಿದ ಮಾತ್ರೆಗಳನ್ನು ನುಂಗಬೇಡ. ಕುಮಟಾ ಅಥವಾ ಅಂಕೋಲಾದ ತಾಲ್ಲೂಕು ಆಸ್ಪತ್ರೆಗೆ ಹೋಗು. ಬೂದು ಬಣ್ಣದ ಪೊಟ್ಟಣದಲ್ಲಿ ಒಂದೇ ಹೊತ್ತಿಗೆ ತೆಗೆದುಕೊಳ್ಳುವ ಔಷಧ ಇರುತ್ತದೆ. ಕೀವು ಇನ್ನೂ ಇದ್ದರೆ ಔಷಧಕ್ಕೆ ಮೊದಲು ಮಾದರಿ ತೆಗೆಯಲು ಕೇಳು. ಲಾಡ್ಜ್ ಕೋಣೆಯಲ್ಲಿ ಕೂತು ಗುಪ್ತರೋಗ ವಾಸಿ ಮಾಡುವ, ಬಸ್ ನಿಲ್ದಾಣದ ಗೋಡೆಗೆ ಚೀಟಿ ಅಂಟಿಸುವ ವೈದ್ಯರ ಕಡೆ ಮುಖ ಹಾಕಬೇಡ.

ಎಚ್‌ಐವಿ ವಿಷಯದಲ್ಲಿ ದಿನದ ಲೆಕ್ಕ ಮುಖ್ಯ. ಅಪಾಯವಾದ 72 ಗಂಟೆಗಳೊಳಗೆ ಬಂದಿದ್ದರೆ ವೈದ್ಯರ ಸಲಹೆಯಂತೆ 28 ದಿನ ತೆಗೆದುಕೊಳ್ಳುವ ತಡೆ ಔಷಧ ಇದೆ. ನಿನಗೆ ಆ ಹೊತ್ತು ಮೀರಿದೆ. ಬೇರೆ ಓದುಗರು ನೆನಪಿಟ್ಟುಕೊಳ್ಳಲಿ. ಈಗ ಒಂದು ಪರೀಕ್ಷೆ ಮಾಡಿಸು, ಆರು ವಾರಕ್ಕೆ ಇನ್ನೊಂದು, ಮೂರು ತಿಂಗಳಿಗೆ ಕೊನೆಯದು. ಸಿಫಿಲಿಸ್‌ಗೂ ಮೂರು ತಿಂಗಳಿಗೆ ರಕ್ತ ಕೊಡು, ಅದರ ಹುಣ್ಣು ಏಳಲು 90 ದಿನದವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಯಾರೊಂದಿಗೂ ಸೇರಬೇಡ, ರಕ್ತದಾನ ಬೇಡ. ರಾತ್ರಿ ನಿದ್ದೆ ಬಾರದಿದ್ದರೆ 1097ಕ್ಕೆ ಕರೆ ಮಾಡು. ಎಚ್‌ಐವಿ ಬಗ್ಗೆ ಸಲಹೆ ನೀಡುವ ಉಚಿತ ರಾಷ್ಟ್ರೀಯ ಸಹಾಯವಾಣಿ ಅದು, ಹೆಸರು ಹೇಳಬೇಕಾಗಿಲ್ಲ.

ಆಕೆ ವಿದೇಶಿ ಎಂಬುದಕ್ಕೂ ಸೋಂಕಿಗೂ ಸಂಬಂಧ ಕಟ್ಟಬೇಡ. ಆಕೆಯ ಫೋನ್ ನಂಬರ್ ಇದ್ದರೆ ಒಂದು ಸಂದೇಶ ಕಳಿಸು. ಹೆಂಗಸರಲ್ಲಿ ಇದು ಎಷ್ಟೋ ಸಲ ಲಕ್ಷಣವೇ ಇಲ್ಲದೆ ಇರುತ್ತದೆ. ನೀನು ಹೇಳದಿದ್ದರೆ ಆಕೆಗೆ ಗೊತ್ತಾಗುವ ದಾರಿ ಇಲ್ಲ. ನಿನ್ನ ಜೊತೆ ಅಡುಗೆಮನೆಯಲ್ಲಿ ನೇಪಾಳದ ಹುಡುಗರಿದ್ದರೆ ಅವರಿಗೂ ಈ ಆಸ್ಪತ್ರೆಯ ದಾರಿ ತೋರಿಸಿಕೊಡು.

ಪ್ರಶ್ನೆ: ಸೌದಿಗೆ ಹೋಗಲು ಮುಂದಿನ ವಾರ ಮೆಡಿಕಲ್ ಇದೆ. ಮೊದಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡರೆ ಒಳ್ಳೆಯದಲ್ಲವೇ?
(ಭಟ್ಕಳ)

ಉತ್ತರ: ಲಸಿಕೆ ಬೇಕು, ಆದರೆ ಈ ವಾರ ಬೇಡ. ಲಸಿಕೆ ಹಾಕಿದ ಮೇಲೆ ಎರಡೂವರೆ ವಾರದವರೆಗೂ ರಕ್ತದಲ್ಲಿ ಲಸಿಕೆಯದೇ ಅಂಶ ಸಿಕ್ಕಿ, ರೋಗವಿಲ್ಲದಿದ್ದರೂ ಹೆಪಟೈಟಿಸ್ ಬಿ ಹುಡುಕುವ ಎಚ್‌ಬಿಎಸ್‌ಎಜಿ ಪರೀಕ್ಷೆ ಪಾಸಿಟಿವ್ ಬರುವುದುಂಟು. ಮೆಡಿಕಲ್ ಮುಗಿಸಿ ಮಾರನೆಯ ದಿನ ಮೊದಲ ಡೋಸ್ ಹಾಕಿಸಿ, ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಮನೆಯಾಕೆಗೂ ಹಾಕಿಸಿ. ಒಂದು ವೇಳೆ ಮೆಡಿಕಲ್‌ನಲ್ಲಿ ಹೆಪಟೈಟಿಸ್ ಬಿ ಕಂಡುಬಂದರೆ ಆ ಕಾಗದವನ್ನು ಹರಿದು ಎಸೆಯಬೇಡಿ. 2018ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ಅದಕ್ಕೂ ಹೆಪಟೈಟಿಸ್ ಸಿಗೂ ಉಚಿತ ಪರೀಕ್ಷೆ, ಉಚಿತ ಔಷಧ ಇದೆ.

ಪ್ರಶ್ನೆ: ನನಗೆ 61 ವರ್ಷ. ತೀರಿಹೋದ ಯಜಮಾನರಿಂದ ಎಚ್‌ಐವಿ ಬಂದಿದೆ, ಬಹಳ ವರ್ಷಗಳಿಂದ ಅದನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತಪ್ಪಿಸಿಲ್ಲ. ಅಮೆರಿಕದಲ್ಲಿರುವ ಮಗ, ಸೊಸೆ ಬಾಣಂತನಕ್ಕೆ ಕರೆಯುತ್ತಿದ್ದಾರೆ. ವಿಮಾನ ನಿಲ್ದಾಣದಲ್ಲಿ ಮಾತ್ರೆ ನೋಡಿ ಹಿಂದಕ್ಕೆ ಕಳಿಸುತ್ತಾರೆಯೇ? ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಬಹುದೇ? ಸೊಸೆಗೆ ವಿಷಯ ಗೊತ್ತಿಲ್ಲ.
(ಕುಮಟಾ)

ಉತ್ತರ: ಹೋಗಿ ಬನ್ನಿ ಅಮ್ಮಾ. 1987ರಿಂದ ಅಮೆರಿಕ ಎಚ್‌ಐವಿ ಇದ್ದವರನ್ನು ಒಳಗೆ ಬಿಡುತ್ತಿರಲಿಲ್ಲ. ಆ ನಿಯಮವನ್ನು 2010ರ ಜನವರಿ 4ರಂದು ತೆಗೆದುಹಾಕಿದ್ದಾರೆ. ಪ್ರವಾಸಿ ವೀಸಾಕ್ಕೆ ಸಾಮಾನ್ಯವಾಗಿ ರಕ್ತಪರೀಕ್ಷೆ ಇಲ್ಲ.

ಮಗುವಿಗೆ ಎಣ್ಣೆ ಹಚ್ಚಿ, ಮೀಯಿಸಿ, ತೊಟ್ಟಿಲು ತೂಗಿ, ಮುದ್ದಿಸಿ, ಸೊಸೆಗೆ ಬಾಣಂತಿ ಅಡುಗೆ ಮಾಡಿ ಬಡಿಸಿ. ಇದರಲ್ಲಿ ಯಾವುದರಿಂದಲೂ ಎಚ್‌ಐವಿ ಹರಡುವುದಿಲ್ಲ, ಮಾತ್ರೆ ತೆಗೆದುಕೊಳ್ಳದವರಿಂದಲೂ ಹರಡುವುದಿಲ್ಲ. ನೀವಂತೂ ಇಷ್ಟು ವರ್ಷ ತಪ್ಪದೆ ತೆಗೆದುಕೊಂಡಿದ್ದೀರಿ. ಸೊಸೆಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ಹೇಳಲೇಬೇಕೆಂದು ಕಾನೂನಿಲ್ಲ, ಮಗುವಿನ ಸುರಕ್ಷೆಗೂ ಅದು ಬೇಕಾಗಿಲ್ಲ. ಹೇಳಿದರೆ ಅಲ್ಲಿ ಕದ್ದು ಮಾತ್ರೆ ನುಂಗುವ ಕಷ್ಟ ತಪ್ಪೀತು ಎಂಬುದಷ್ಟೇ ನನ್ನ ಮಾತು.

ಟಿಕೆಟ್ ಮಾಡಿಸುವ ಮೊದಲು ಎಆರ್‌ಟಿ ಕೇಂದ್ರಕ್ಕೆ ಹೋಗಿ ಎಷ್ಟು ತಿಂಗಳ ಪ್ರವಾಸ ಎಂದು ತಿಳಿಸಿ. ಅಷ್ಟೂ ತಿಂಗಳ ಮಾತ್ರೆಯ ಜೊತೆ, ವಿಮಾನ ತಡವಾದರೆ ಎಂದು ಇನ್ನೆರಡು ವಾರದ್ದನ್ನು ಹೆಚ್ಚಿಗೆ ಕೇಳಿ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆ ಬಾಕಿಯಿದ್ದರೆ ಮುಗಿಸಿಕೊಳ್ಳಿ. ಮಾತ್ರೆಗಳು ಕಂಪನಿಯ ಡಬ್ಬಿಯಲ್ಲೇ ಇರಲಿ, ಬೇರೆ ಡಬ್ಬಿಗೆ ಸುರಿಯಬೇಡಿ. ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಟ್ಟುಕೊಳ್ಳಿ, ದೊಡ್ಡ ಪೆಟ್ಟಿಗೆ ದಾರಿಯಲ್ಲಿ ಕಳೆದುಹೋದರೂ ತೊಂದರೆಯಾಗದು. ಇಲ್ಲಿ ರಾತ್ರಿ ಒಂಬತ್ತಕ್ಕೆ ತೆಗೆದುಕೊಳ್ಳುತ್ತಿದ್ದರೆ ಅಲ್ಲಿ ಅದು ಬೆಳಗಿನ ಹೊತ್ತಾಗುತ್ತದೆ. ಬೆಳಗಿನ ತಿಂಡಿಯ ನಂತರ ತೆಗೆದುಕೊಳ್ಳಿ, ದಿನಕ್ಕೊಂದು ತಪ್ಪದಿದ್ದರೆ ಸಾಕು.